ಓದುಗರ ಪ್ರಶ್ನೆ, ನಮ್ಮ ಉತ್ತರ: ಏಳು ರಾತ್ರಿಯಲ್ಲಿ ಜಪಾನ್

ಜಪಾನ್ ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಟಿಕೆಟ್ ದರ, ಪ್ರವೇಶ ಶುಲ್ಕ ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ನಾವಿಬ್ಬರೂ ನಿವೃತ್ತ ಶಿಕ್ಷಕರು. ಏಳು ರಾತ್ರಿಗೆ ಟೋಕಿಯೋ, ನಿಕ್ಕೋ, ಕಾಮಾಕುರಾ, ಹಕೋನೆ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ ಎಂದು ಟ್ರಾವೆಲ್ಸ್‌ನವರು ಪಟ್ಟಿ ಕೊಟ್ಟಿದ್ದಾರೆ. ಯಾವುದನ್ನು ಬಿಡಬಹುದು?
— ಓದುಗರು, ತುಮಕೂರು

ಮೂರನ್ನು ಬಿಡಿ: ನಿಕ್ಕೋ, ಹಕೋನೆ, ಹಿರೋಶಿಮಾ. ಅವು ಚೆನ್ನಾಗಿಲ್ಲ ಎಂದಲ್ಲ, ಒಂದೊಂದಕ್ಕೂ ಪೂರ್ತಿ ಒಂದು ದಿನ ಬೇಕು. ನಿಕ್ಕೋಗೆ ಅಸಕುಸಾದಿಂದ ಎಕ್ಸ್‌ಪ್ರೆಸ್ ರೈಲಿನಲ್ಲೇ ಹತ್ತಿರ ಹತ್ತಿರ ಎರಡು ಗಂಟೆ. ಹಿರೋಶಿಮಾ ಕ್ಯೋಟೋದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಂದು ಮುಕ್ಕಾಲು ಗಂಟೆಯ ದಾರಿ. ಆದರೆ ಅಷ್ಟು ದೂರ ಹೋಗಿ ಮಿಯಾಜಿಮಾ ದ್ವೀಪ ನೋಡದೆ ಬರಲಾಗುವುದಿಲ್ಲ, ಅಲ್ಲಿಗೆ ಲೋಕಲ್ ರೈಲು, ಮೇಲೆ ದೋಣಿ.

ಲಗೇಜು ಇಡಲು ಎರಡೇ ಊರು ಸಾಕು. ಟೋಕಿಯೋದಲ್ಲಿ ಮೂರು ರಾತ್ರಿ, ಕ್ಯೋಟೋದಲ್ಲಿ ನಾಲ್ಕು. ಕಾಮಾಕುರಾ ಟೋಕಿಯೋದಿಂದ ಒಂದು ಗಂಟೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಾರಾ ಕ್ಯೋಟೋದಿಂದ ರ್‍ಯಾಪಿಡ್ ರೈಲಿನಲ್ಲಿ 45 ನಿಮಿಷ, ಒಸಾಕಾ ಅರ್ಧ ಗಂಟೆ. ಒಸಾಕಾಕ್ಕೆ ಒಂದು ಸಂಜೆ ಕೊಟ್ಟರೆ ಸಾಕು. ಅಲ್ಲಿನ ಕೋಟೆಯ ಮುಖ್ಯ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟ್ ಕೂಡ ಇದೆ. ಹೊರಗಿನಿಂದ ನೋಡಿದರೆ ನಷ್ಟವೇನಿಲ್ಲ.

ಪ್ಲಾನ್ ಕೆಡುವುದು ಸಾಮಾನ್ಯವಾಗಿ ಸಂಜೆ. ಹೆಚ್ಚಿನ ದೇವಾಲಯಗಳು ನಾಲ್ಕೂವರೆ, ಐದಕ್ಕೆಲ್ಲ ಬಾಗಿಲು ಹಾಕುತ್ತವೆ, ಕೊನೆಯ ಪ್ರವೇಶ ಅದಕ್ಕೂ ಅರ್ಧ ಗಂಟೆ ಮೊದಲು. ನಮ್ಮ ಕಡೆಯ ಹಾಗೆ ಸಂಜೆ ಆರಕ್ಕೆ ದರ್ಶನ ಎಂದುಕೊಂಡು ಹೋದರೆ ಗೇಟು ನೋಡಿ ಬರಬೇಕಾಗುತ್ತದೆ. ಆದ್ದರಿಂದ ಬೆಳಿಗ್ಗೆ ಬೇಗ ತೆರೆಯುವುದನ್ನು ಮೊದಲು ಮುಗಿಸಿ. ಕ್ಯೋಟೋದ ಕಿಯೋಮಿಜು-ದೇರಾ ಬೆಳಿಗ್ಗೆ 6ಕ್ಕೇ ತೆರೆಯುತ್ತದೆ. 1633ರಲ್ಲಿ ಕಟ್ಟಿದ ಮುಖ್ಯ ಮಂದಿರದ ಮರದ ಜಗುಲಿ ನೆಲದಿಂದ 13 ಮೀಟರ್ ಎತ್ತರದಲ್ಲಿದೆ. ಏಳು ಗಂಟೆಗೆ ಅಲ್ಲಿ ನಿಂತರೆ ಕಾಡು, ಊರು ಎರಡೂ ಕಾಣುತ್ತವೆ, ಹತ್ತು ಗಂಟೆಗೆ ಹೋದರೆ ಮುಂದಿನವರ ಮೊಬೈಲು ಕಾಣುತ್ತದೆ. ಟೋಕಿಯೋದ ಸೆನ್ಸೋ-ಜಿಯೂ 6ಕ್ಕೆ ತೆರೆಯುತ್ತದೆ, ಚಳಿಗಾಲದಲ್ಲಿ ಆರೂವರೆಗೆ. ಕ್ಯೋಟೋದ ಫುಶಿಮಿ ಇನಾರಿ ಗುಡಿಗೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ, 24 ಗಂಟೆ ತೆರೆದಿರುತ್ತದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಕ್ಯೋಟೋದಲ್ಲಿ ಪೂರ್ವ ಮತ್ತು ಪಶ್ಚಿಮವನ್ನು ಒಂದೇ ದಿನ ಬೆರೆಸಬೇಡಿ. ಪೂರ್ವಕ್ಕೆ ಕಿಯೋಮಿಜು-ದೇರಾ, ಸಾಂಜುಸಾಂಗೆನ್-ದೋ, ಫುಶಿಮಿ ಇನಾರಿ. ಪಶ್ಚಿಮಕ್ಕೆ ಚಿನ್ನದ ಹಾಳೆ ಹೊದಿಸಿದ ಕಿಂಕಾಕು-ಜಿ (1950ರಲ್ಲಿ ಬೆಂಕಿಗೆ ಆಹುತಿಯಾಗಿ 1955ರಲ್ಲಿ ಮತ್ತೆ ಕಟ್ಟಿದ್ದು), ಅಲ್ಲಿಂದ ನಡೆದೇ ಹೋಗಬಹುದಾದ ರ್‍ಯೋವಾನ್-ಜಿಯ ಕಲ್ಲಿನ ತೋಟ, ಆಮೇಲೆ ಅರಾಶಿಯಾಮಾ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಸಿಟಿ ಬಸ್ಸಿನಲ್ಲಿ ನಿಂತೇ ಅರ್ಧ ದಿನ ಹೋಗುತ್ತದೆ. ಆ ಬಸ್ಸುಗಳಿಗೆ ಹಿಂಬಾಗಿಲಲ್ಲಿ ಹತ್ತಿ ಮುಂಬಾಗಿಲಲ್ಲಿ ಇಳಿಯುವುದು, ದುಡ್ಡು ಕೊಡುವುದು ಇಳಿಯುವಾಗ.

ಮಂಡಿ ನೋವಿದ್ದರೆ ಇನಾರಿ ಬೆಟ್ಟದ ತುದಿವರೆಗೆ ಹತ್ತಬೇಕಿಲ್ಲ. ಸಾಲುಗಟ್ಟಿದ ಕೆಂಪು ಕಮಾನುಗಳು ಅತಿ ದಟ್ಟವಾಗಿರುವುದು ಕೆಳಗಿನ ಮೊದಲ ಹತ್ತು ಹದಿನೈದು ನಿಮಿಷದ ದಾರಿಯಲ್ಲೇ. ಪೂರ್ತಿ ಸುತ್ತಿ ಬರಲು ಎರಡರಿಂದ ಮೂರು ಗಂಟೆ, ಬಹುಪಾಲು ಮೆಟ್ಟಿಲೇ.

ಜೆಆರ್ (ಜಪಾನ್ ರೈಲ್ವೇಸ್) ರೈಲು ಪಾಸ್ ತೆಗೆದುಕೊಂಡರೆ ಉಳಿತಾಯ ಎನ್ನುತ್ತಾರಲ್ಲ, ನಿಜವೇ?
— ಓದುಗರು, ಚಿಂತಾಮಣಿ

ಹಳೆಯ ಮಾತು. ಏಳು ದಿನದ ಸಾಮಾನ್ಯ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೆ 28,000. ಕಾಮಾಕುರಾ, ನಾರಾ, ಒಸಾಕಾ ಮೂರಕ್ಕೂ ಹೋಗಿ ಬರುವ ಖರ್ಚು ಸೇರಿಸಿದರೂ ಐದು ಸಾವಿರ ದಾಟುವುದಿಲ್ಲ. ಹಿರೋಶಿಮಾ ಸೇರಿಸಿ ಮತ್ತೆ ಟೋಕಿಯೋಗೆ ಬರುವವರಿಗೆ ಮಾತ್ರ ಪಾಸಿನ ದುಡ್ಡು ಹುಟ್ಟುತ್ತದೆ. ಆಗಲೂ ಅತಿ ವೇಗದ ನೊಜೋಮಿ ಹತ್ತಬೇಕಾದರೆ ಪಾಸಿನ ಮೇಲೆ ಮತ್ತೆ ಹಣ ಕಟ್ಟಬೇಕು. ಹಿಕಾರಿ ಹತ್ತಿದರೆ ಕಟ್ಟಬೇಕಿಲ್ಲ, ಟೋಕಿಯೋದಿಂದ ಕ್ಯೋಟೋಗೆ ಅರ್ಧ ಗಂಟೆಯಷ್ಟು ತಡವಾಗುತ್ತದೆ ಅಷ್ಟೆ.

ಊರೊಳಗಿನ ರೈಲು, ಬಸ್ಸಿಗೆ ಸುಯಿಕಾ ಅಥವಾ ಇಕೋಕಾ ಕಾರ್ಡ್ ಇಟ್ಟುಕೊಳ್ಳಿ. ನಿಲ್ದಾಣದ ಯಂತ್ರಗಳಲ್ಲಿ ಅದಕ್ಕೆ ದುಡ್ಡು ತುಂಬಲು ಸಾಮಾನ್ಯವಾಗಿ ನಗದೇ ಬೇಕು. ದೇವಾಲಯದ ಟಿಕೆಟ್ ಕೌಂಟರಿನಲ್ಲೂ ಅನೇಕ ಕಡೆ ಕಾರ್ಡ್ ನಡೆಯುವುದಿಲ್ಲ. ಸೆವೆನ್-ಇಲೆವೆನ್ ಅಂಗಡಿಯ ಎಟಿಎಂಗಳು ವಿದೇಶಿ ಕಾರ್ಡಿಗೆ ಯೆನ್ ಕೊಡುತ್ತವೆ. ನಿಮ್ಮ ಬ್ಯಾಂಕಿನಲ್ಲಿ ವಿದೇಶಿ ಬಳಕೆಯನ್ನು ಇಲ್ಲಿಂದಲೇ ಆನ್ ಮಾಡಿಸಿಕೊಂಡು ಹೋಗಿ.

ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಊಟಕ್ಕೇನು ಗತಿ?
— ಓದುಗರು, ಕೋಲಾರ

ಮಾಂಸ ಬಿಡಿ, ಕಣ್ಣಿಗೆ ಕಾಣುತ್ತದೆ. ತೊಂದರೆ ಇರುವುದು ದಾಶಿಯಲ್ಲಿ. ಒಣಗಿಸಿ ಹೊಗೆ ಹಾಕಿದ ಮೀನನ್ನು ಸೌದೆಯ ಸಿಪ್ಪೆಯ ಹಾಗೆ ತೆಳ್ಳಗೆ ಹೆರೆದು, ಕೊಂಬು ಎಂಬ ಕಡಲ ಪಾಚಿಯ ಜೊತೆ ಬಿಸಿನೀರಿನಲ್ಲಿ ನೆನೆಸಿ ತೆಗೆದ ತಿಳಿಸಾರು ಅದು. ಮಿಸೋ ಸೂಪು, ಉದೋನ್, ಸೋಬಾ ನೂಡಲ್ಸ್‌ನ ಸಾರು, ತರಕಾರಿ ಟೆಂಪುರಾದ ಜೊತೆ ಕೊಡುವ ಗೊಜ್ಜು, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲೂ ಇರುತ್ತದೆ. ‘ವೆಜಿಟೇರಿಯನ್’ ಎಂದರೆ ಹೋಟೆಲಿನವರು ತಲೆಯಾಡಿಸುತ್ತಾರೆ, ಮಾಂಸದ ತುಂಡು ಇಲ್ಲ ಎಂಬ ಅರ್ಥದಲ್ಲಿ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ, ಈರುಳ್ಳಿ, ಬೆಳ್ಳುಳ್ಳಿ ಬೇಡ ಎಂದು ಜಪಾನಿಯಲ್ಲಿ ಬರೆದ ಚೀಟಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ. ಬಾಯಿಮಾತಿಗಿಂತ ಚೀಟಿ ಮೇಲು. ಅಡುಗೆಮನೆಗೂ ಅದೇ ಹೋಗುತ್ತದೆ.

ಅಮ್ಮನಿಗೆ ಸರಿಹೊಂದುವುದು ಶೋಜಿನ್ ರ್‍ಯೋರಿ, ಬೌದ್ಧ ಮಠದ ಅಡುಗೆ. ಅದರಲ್ಲಿ ಮಾಂಸ ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ, ಸಾರಿಗೆ ಕೊಂಬು, ಅಣಬೆಯೇ ಆಧಾರ. ಅರಾಶಿಯಾಮಾದ ತೆನ್ರ್‍ಯು-ಜಿ ದೇವಾಲಯದ ಆವರಣದಲ್ಲಿರುವ ಶಿಗೆತ್ಸು ಊಟದ ಮನೆ ಇದಕ್ಕೆ ಹೆಸರಾಗಿದೆ. ಮಧ್ಯಾಹ್ನ ಮಾತ್ರ, ಮುಂಚೆ ಬುಕ್ ಮಾಡಿದರೆ ಒಳ್ಳೆಯದು. ಖಾರ, ಒಗ್ಗರಣೆ ನಿರೀಕ್ಷಿಸಬೇಡಿ. ಸಣ್ಣ ಸಣ್ಣ ಬಟ್ಟಲಲ್ಲಿ ತೋಫು, ಎಳ್ಳಿನ ಅಡುಗೆ, ಬೇಯಿಸಿದ ತರಕಾರಿ ಬರುತ್ತದೆ. ಚಟ್ನಿಪುಡಿ ಡಬ್ಬಿಯನ್ನು ಅಲ್ಲಿ ತೆಗೆಯದಿದ್ದರೆ ಚೆನ್ನ.

ಉಳಿದ ಹೊತ್ತಿಗೆ ಕನ್ವೀನಿಯನ್ಸ್ ಅಂಗಡಿಯ ಅನ್ನದುಂಡೆಗಳಲ್ಲಿ ಉಮೆಬೋಶಿ (ಉಪ್ಪಿನಲ್ಲಿ ಹಾಕಿದ ಹುಳಿ ಕಾಯಿ) ತುಂಬಿದ್ದನ್ನು ಹುಡುಕಿ. ಅದರಲ್ಲೂ ಕೆಲವು ಕಂಪನಿಯವು ಮೀನಿನ ಸಾರ ಬೆರೆಸುತ್ತವೆ, ಪೊಟ್ಟಣವನ್ನು ಮೊಬೈಲಿನ ಅನುವಾದಕ್ಕೆ ಹಿಡಿದು ಓದಿ. ರೆಡಿಮೇಡ್ ಜಪಾನೀ ಕರಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಕೊಬ್ಬು ಇರುತ್ತದೆ, ತರಕಾರಿ ಚಿತ್ರ ನೋಡಿ ಮೋಸ ಹೋಗಬೇಡಿ. ಟೋಕಿಯೋ, ಒಸಾಕಾ, ಕ್ಯೋಟೋ ಮೂರರಲ್ಲೂ ಭಾರತೀಯ ಹೋಟೆಲುಗಳಿವೆ. ಆದರೆ ಈರುಳ್ಳಿ ಇಲ್ಲದ ಸಾರು ಅಲ್ಲೂ ಕಷ್ಟ.

ಶ್ರೀನಿವಾಸಪುರದ ಮಾವಿನಹಣ್ಣು, ಕರಿಬೇವು ತೆಗೆದುಕೊಂಡು ಹೋಗಬಹುದೇ? ಜೊತೆಗೆ ಚಿಕ್ಕ ಮಿಕ್ಸಿ?
— ಓದುಗರು, ಮುಳಬಾಗಿಲು

ಹಣ್ಣು, ಸೊಪ್ಪು, ತರಕಾರಿ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಪ್ರಯಾಣಿಕರ ಚೀಲದಲ್ಲಿ ಬಂದಿದ್ದನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಮಾಂಸದ ಪದಾರ್ಥವೂ ಅಷ್ಟೆ. ಹುರಿದು ಮಾಡಿದ ಚಟ್ನಿಪುಡಿ, ಸೀಲ್ ಮಾಡಿದ ಉಪ್ಪಿಟ್ಟಿನ ಮಿಕ್ಸ್ ಇಟ್ಟುಕೊಳ್ಳಿ, ಕೇಳಿದರೆ ಬಚ್ಚಿಡದೆ ತೋರಿಸಿ. ಮಿಕ್ಸಿ ಒಯ್ದು ಪ್ರಯೋಜನವಿಲ್ಲ: ಅಲ್ಲಿ ವಿದ್ಯುತ್ 100 ವೋಲ್ಟ್, ನಮ್ಮದು 230. ಮೊಬೈಲ್ ಚಾರ್ಜರ್ ನಡೆಯುತ್ತದೆ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ಅಲ್ಲಿ ನಿಷೇಧ. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮಾತ್ರ, ವೈದ್ಯರ ಚೀಟಿಯ ಜೊತೆ.

ಜಪಾನಿನ ಗುಡಿಗಳಲ್ಲಿ ನಮ್ಮ ದೇವರುಗಳಿದ್ದಾರೆ ಎಂದು ಕೇಳಿದ್ದೇನೆ. ಎಲ್ಲಿ ನೋಡಬಹುದು?
— ಓದುಗರು, ಬಂಗಾರಪೇಟೆ

ಇದ್ದಾರೆ, ಬೌದ್ಧ ಧರ್ಮದ ಜೊತೆ ಚೀನಾ ದಾರಿಯಲ್ಲಿ ಹೋದವರು. ಒಂದೇ ಕಡೆ ನೋಡಬೇಕೆಂದರೆ ಕ್ಯೋಟೋದ ಸಾಂಜುಸಾಂಗೆನ್-ದೋ. 1266ರಲ್ಲಿ ಮತ್ತೆ ಕಟ್ಟಿದ, ಸುಮಾರು 120 ಮೀಟರ್ ಉದ್ದದ ಮರದ ಮಂದಿರ. ಒಳಗೆ ಸಾವಿರದ ಒಂದು ಅವಲೋಕಿತೇಶ್ವರ ವಿಗ್ರಹಗಳು. ಬಹಳ ಜನ ಆ ಸಾಲುಗಳನ್ನೇ ನೋಡುತ್ತಾ ದಾಟಿಬಿಡುತ್ತಾರೆ. ನೀವು ಮುಂದಿನ ಸಾಲಿನಲ್ಲಿ ನಿಂತ 28 ಪರಿವಾರ ದೇವತೆಗಳ ಮುಂದೆ ನಿಧಾನಿಸಿ. ಬ್ರಹ್ಮ, ಇಂದ್ರ, ನಾರಾಯಣ ಎಲ್ಲ ಅಲ್ಲಿದ್ದಾರೆ. ಕೊಕ್ಕು, ರೆಕ್ಕೆಯ ಗರುಡ ಕೊಳಲು ಊದುತ್ತಾ ನಿಂತಿದ್ದಾನೆ. ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲಾದ ವಸು ಋಷಿ ಕೋಲು ಹಿಡಿದಿದ್ದಾನೆ. ಒಳಗೆ ಫೋಟೋ ಕಟ್ಟುನಿಟ್ಟಾಗಿ ನಿಷೇಧ, ಚಪ್ಪಲಿ ಹೊರಗೆ.

ಕ್ಯೋಟೋ ರೈಲು ನಿಲ್ದಾಣದಿಂದ ಕಾಲು ಗಂಟೆ ನಡೆದರೆ ತೋ-ಜಿ. ಸುಮಾರು 55 ಮೀಟರಿನ ಅದರ ಐದಂತಸ್ತಿನ ಗೋಪುರ ಜಪಾನಿನ ಮರದ ಗೋಪುರಗಳಲ್ಲೇ ಎತ್ತರ. ನೋಡಬೇಕಾದ್ದು ಅದರ ಉಪನ್ಯಾಸ ಮಂದಿರ: ಹಂಸಗಳ ಪೀಠದ ಮೇಲೆ ಬ್ರಹ್ಮ, ಆನೆಯ ಮೇಲೆ ಇಂದ್ರ.

ಟೋಕಿಯೋದಲ್ಲಿ ಸೆನ್ಸೋ-ಜಿಗೆ ಹೋದವರು ಹತ್ತು ನಿಮಿಷ ನಡೆದು ಮಾತ್ಸುಚಿಯಾಮಾ ಶೋದೆನ್‌ಗೂ ಹೋಗಿ ಬನ್ನಿ. ಅಲ್ಲಿನ ದೇವರು ಗಣಪತಿ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ನೈವೇದ್ಯ ಮೂಲಂಗಿ. ಗುಡಿಯಲ್ಲೇ ದಪ್ಪ ಬಿಳಿ ಮೂಲಂಗಿ ಮಾರುತ್ತಾರೆ, ಕೊಂಡು ದೇವರ ಮುಂದೆ ಇಡುವುದು. ಕಡುಬು ಕೇಳಬೇಡಿ.

ನಾರಾದ ತೋದಾಯ್-ಜಿಯ ಕಂಚಿನ ಮಹಾಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಅದರ ಕಣ್ಣು ತೆರೆಸುವ ವಿಧಿ ನಡೆಸಿದ್ದು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಈಗಿನ ಮಂದಿರ 1709ರದ್ದು, ಮೊದಲಿನದಕ್ಕಿಂತ ಅಗಲದಲ್ಲಿ ಮೂರನೇ ಒಂದು ಪಾಲು ಕಡಿಮೆ, ಆದರೂ ಒಳಗೆ ಕಾಲಿಟ್ಟರೆ ತಲೆ ಎತ್ತಲೇಬೇಕು. ಹೊರಗಿನ ಜಿಂಕೆಗಳಿಗೆ ಅಲ್ಲೇ ಮಾರುವ ಬಿಸ್ಕತ್ತು ಬಿಟ್ಟು ಬೇರೇನೂ ಹಾಕಬೇಡಿ. ಕೈಯಲ್ಲಿ ಕಾಗದ ಕಂಡರೂ ಕಿತ್ತು ತಿನ್ನುತ್ತವೆ, ಟಿಕೆಟ್ ಜೋಪಾನ.

ಹೋಮ ನೋಡಬೇಕೆಂದರೆ ನರಿತಾ ವಿಮಾನ ನಿಲ್ದಾಣದ ಹತ್ತಿರದ ನರಿತಾಸಾನ್ ಶಿನ್ಶೋ-ಜಿ. ಅಗ್ನಿಕುಂಡದಲ್ಲಿ ಸಮಿತ್ತು ಹಾಕಿ ಮಂತ್ರ ಹೇಳುವ ಗೋಮಾ ವಿಧಿ ದಿನವೂ ಹಲವು ಬಾರಿ ನಡೆಯುತ್ತದೆ. ನರಿತಾ ಊರಿನ ರೈಲು ನಿಲ್ದಾಣದಿಂದ ಹತ್ತು ಹದಿನೈದು ನಿಮಿಷದ ನಡಿಗೆ. ವಾಪಸಿನ ವಿಮಾನ ಸಂಜೆಗಿದ್ದರೆ ಬೆಳಿಗ್ಗೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

ಗುಡಿಯಲ್ಲಿ ಕೈಮುಗಿಯುವ ಕ್ರಮ ಏನು?
— ಓದುಗರು, ಗೌರಿಬಿದನೂರು

ಇನಾರಿಯಲ್ಲಿರುವಂಥ ಕಮಾನು ಇದ್ದರೆ ಶಿಂತೋ (ಜಪಾನಿನ ಮೂಲ ಧರ್ಮ) ಗುಡಿ: ಎರಡು ಸಲ ಬಾಗಿ, ಎರಡು ಚಪ್ಪಾಳೆ, ಪ್ರಾರ್ಥನೆ, ಮತ್ತೊಮ್ಮೆ ಬಾಗುವುದು. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಕೂಡದು, ಸುಮ್ಮನೆ ಕೈಮುಗಿಯಿರಿ. ಬಾಗಿಲ ಬಳಿಯ ನೀರಿನ ತೊಟ್ಟಿಯಲ್ಲಿ ಸೌಟು ಬಲಗೈಲಿ ಹಿಡಿದು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ಬಾಯಿ ಹಚ್ಚುವುದಾಗಲಿ, ತೊಟ್ಟಿಯೊಳಗೆ ಉಗುಳುವುದಾಗಲಿ ಮಾಡಬಾರದು. ದೇವಾಲಯದ ಮುದ್ರೆ ಮತ್ತು ಬರಹ (ಗೋಶುಯಿನ್) ಬೇಕಿದ್ದರೆ ಅದಕ್ಕೆಂದೇ ಇರುವ ಪುಸ್ತಕ ಕೊಳ್ಳಿ, ಒಂದು ಮುದ್ರೆಗೆ 300ರಿಂದ 500 ಯೆನ್. ಮಾಮೂಲಿ ನೋಟ್‌ಬುಕ್ ಚಾಚಿದರೆ ಬರೆದುಕೊಡುವುದಿಲ್ಲ.

ನಾನು ರೇಷ್ಮೆ ರೀಲರ್. ಟೋಕಿಯೋ ಹತ್ತಿರ ನಮ್ಮ ಕಸುಬಿಗೆ ಸಂಬಂಧಿಸಿದ್ದು ಏನಾದರೂ ಇದೆಯೇ?
— ಓದುಗರು, ಶಿಡ್ಲಘಟ್ಟ

ತೊಮಿಯೋಕಾ ರೇಷ್ಮೆ ಗಿರಣಿ. 1872ರಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಸರ್ಕಾರ ಕಟ್ಟಿಸಿದ್ದು, 1987ರವರೆಗೆ ನಡೆಯಿತು, 2014ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಸಾಲುಸಾಲು ರೀಲಿಂಗ್ ಯಂತ್ರಗಳು ಹಾಗೇ ನಿಂತಿವೆ. ತಕಾಸಾಕಿವರೆಗೆ ಶಿಂಕಾನ್ಸೆನ್‌ನಲ್ಲಿ ಸುಮಾರು 50 ನಿಮಿಷ, ಅಲ್ಲಿಂದ ಜೋಶಿನ್ ಖಾಸಗಿ ರೈಲಿನಲ್ಲಿ 40 ನಿಮಿಷ. ಕಾಮಾಕುರಾ ಬಿಟ್ಟು ಆ ದಿನ ಇಲ್ಲಿಗೆ ಕೊಟ್ಟರೂ ನಿಮ್ಮ ಮಟ್ಟಿಗೆ ತಪ್ಪಿಲ್ಲ.

ಮಕ್ಕಳ ರಜೆಯಲ್ಲಿ ಹೋಗಬೇಕು. ಏಪ್ರಿಲ್–ಮೇ ಮೇಲೋ, ದಸರಾ ಮೇಲೋ? ವೀಸಾ, ಲಗೇಜಿನ ಬಗ್ಗೆಯೂ ತಿಳಿಸಿ.
— ಓದುಗರು, ಚಿಕ್ಕಬಳ್ಳಾಪುರ

ದಸರಾ. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ಗೋಲ್ಡನ್ ವೀಕ್, ಇಡೀ ದೇಶವೇ ರಜೆಯಲ್ಲಿರುತ್ತದೆ, ಹೋಟೆಲ್ ದರ ಏರಿರುತ್ತದೆ. ಅಕ್ಟೋಬರ್‌ನಲ್ಲಿ ಹವೆ ಹಿತ, ಆದರೆ ಚಂಡಮಾರುತ ಬಂದರೆ ರೈಲು ನಿಲ್ಲಿಸುತ್ತಾರೆ. ಅದಕ್ಕೇ ವಾಪಸಿನ ವಿಮಾನದ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಊರಿನ ಹತ್ತಿರವೇ ಇರಿ.

ವೀಸಾ ಅರ್ಜಿ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದ ಮೂಲಕ. ದಿನವಾರು ಕಾರ್ಯಕ್ರಮದ ಹಾಳೆಯಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ: ರಾತ್ರಿ ಹೊರಟ ವಿಮಾನ ಇಳಿಯುವುದು ಮರುದಿನ, ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹೊರಡುವ ದಿನವನ್ನೇ ಇಳಿಯುವ ದಿನ ಎಂದು ಬರೆದರೆ ಹೋಟೆಲ್ ಬುಕಿಂಗ್‌ಗೂ ಟಿಕೆಟ್‌ಗೂ ತಾಳೆಯಾಗುವುದಿಲ್ಲ. ಇ-ವೀಸಾ ಸಿಕ್ಕಿದ್ದರೆ ಅದನ್ನು ಇಂಟರ್‌ನೆಟ್ ಇರುವ ಮೊಬೈಲಿನಲ್ಲಿ ತೆರೆದು ತೋರಿಸಬೇಕು, ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಸೂಟ್‌ಕೇಸಿನ ಉದ್ದ, ಅಗಲ, ದಪ್ಪ ಕೂಡಿಸಿ 160 ಸೆಂ.ಮೀ. ದಾಟಿದರೆ ಟೋಕಿಯೋ–ಕ್ಯೋಟೋ ಶಿಂಕಾನ್ಸೆನ್‌ನಲ್ಲಿ ದೊಡ್ಡ ಲಗೇಜಿನ ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚಿನ ದುಡ್ಡಿಲ್ಲ, ಕಾಯ್ದಿರಿಸದೆ ಹತ್ತಿದರೆ 1,000 ಯೆನ್. ಇದಕ್ಕಿಂತ ಸುಲಭ, ಟೋಕಿಯೋ ಹೋಟೆಲಿನ ಕೌಂಟರಿನಲ್ಲೇ ಸೂಟ್‌ಕೇಸ್ ಕೊಟ್ಟು ತಕ್ಯುಬಿನ್ ಕೊರಿಯರ್‌ನಲ್ಲಿ ಕ್ಯೋಟೋ ಹೋಟೆಲಿಗೆ ಕಳಿಸುವುದು. ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಆ ಒಂದು ರಾತ್ರಿಯ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ ಕೈಚೀಲದಲ್ಲಿರಲಿ.