ಅವಿಕ್ಯುಲೇರಿಯಾ ಜೇಡಕ್ಕೆ ಹಕ್ಕಿಯ ಹೆಸರು ಯಾಕೆ? ನಮ್ಮ ಶಿರಸಿ ತೋಟದಲ್ಲಿ ಕಾಣುವುದೂ ಅದೇನಾ?

ಅದಲ್ಲ. ತೋಟದ ಧರೆಯಲ್ಲಿ ಬಿಲದ ಬಾಯಿಗೆ ಬಲೆ ಹೊದಿಸಿ ಕೂತಿರುವ ಆ ರೋಮದ ಜೇಡವೂ ಟೆರಾಂಟುಲಾನೇ (ದೊಡ್ಡ ರೋಮದ ಜೇಡಗಳಿಗೆ ಇರುವ ಹೆಸರು), ಕುಟುಂಬವೂ ಒಂದೇ, ಥೆರಾಫೋಸಿಡೇ. ಆದರೆ ಅವಿಕ್ಯುಲೇರಿಯಾ ಕುಲ (ಕುಟುಂಬದೊಳಗಿನ ಹತ್ತಿರದ ಪ್ರಭೇದಗಳ ಗುಂಪು) ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು, ಮರದ ಮೇಲೆ ಬದುಕುವಂಥದ್ದು. ಆ ಕಡೆಯ ಬಹಳಷ್ಟು ಟೆರಾಂಟುಲಾಗಳ ಹೊಟ್ಟೆಯ ಮೇಲೆ ತುರಿಕೆ ಬರಿಸುವ ರೋಮ ಇರುತ್ತದೆ, ನಮ್ಮವಕ್ಕೆ ಅದಿಲ್ಲ.

ಇನ್ನು ಹೆಸರು. ಲ್ಯಾಟಿನ್‌ನಲ್ಲಿ ‘ಅವಿಕ್ಯುಲಾ’ ಅಂದರೆ ಪುಟ್ಟ ಹಕ್ಕಿ. ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ ಬಂದ ಕೀಟಗಳ ಚಿತ್ರಗಾರ್ತಿ ಮರಿಯಾ ಸಿಬಿಲ್ಲಾ ಮೆರಿಯನ್ 1705ರ ತನ್ನ ಪುಸ್ತಕದಲ್ಲಿ ಒಂದು ಚಿತ್ರ ಹಾಕಿದ್ದಳು: ಪೇರಲೆ ಕೊಂಬೆ, ಅದರಲ್ಲೊಂದು ಗೂಡು, ಪಕ್ಕದಲ್ಲಿ ಅಂಗಾತ ಬಿದ್ದ ಹಮ್ಮಿಂಗ್‌ಬರ್ಡ್, ಅದರ ಮೇಲೆ ಕೂತ ಕಪ್ಪು ಜೇಡ. 1758ರಲ್ಲಿ ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯ ಲಿನೇಯಸ್ ಅಂಥ ಜೇಡಕ್ಕೆ ‘ಅರೇನಿಯಾ ಅವಿಕ್ಯುಲೇರಿಯಾ’ ಅಂತ ಹೆಸರಿಟ್ಟ, 1818ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಮಾರ್ಕ್ ಅದರ ಎರಡನೇ ಪದವನ್ನೇ ಕುಲದ ಹೆಸರು ಮಾಡಿದ. ಹಾಗಾಗಿ ಈಗ ಕುಲದ ಹೆಸರು, ಪ್ರಭೇದದ ಹೆಸರು ಎರಡೂ ಸೇರಿ ಅದು ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ! ಪಾಪ, ಅದು ತಿನ್ನುವುದು ಜಾಸ್ತಿ ಹುಳ ಹುಪ್ಪಟೆಯನ್ನೇ.

ಆಮೇಲೆ ಮರ ಹತ್ತುವ ಟೆರಾಂಟುಲಾ ಸಿಕ್ಕಿದರೆ ಸುಮ್ನೆ ಇದೇ ಕುಲಕ್ಕೆ ತುಂಬುತ್ತಾ ಹೋದರು, ಅಟ್ಟಕ್ಕೆ ಹಳೇ ಸಾಮಾನು ಹಾಕಿದ ಹಾಗೆ. 2017ರಲ್ಲಿ ಜೇಡ ಸಂಶೋಧಕರಾದ ಫುಕುಶಿಮಾ ಮತ್ತು ಬೆರ್ತಾನಿ ಎಲ್ಲವನ್ನೂ ಮತ್ತೆ ಪರೀಕ್ಷಿಸಿ 12 ಪ್ರಭೇದ ಮಾತ್ರ ಉಳಿಸಿಕೊಂಡರು. ಕೆಲವನ್ನು ಇಬಿರಾಪೋರಾ, ಕ್ಯಾರಿಬೆನಾ, ಆಂಟಿಲ್ಲೆನಾ ಅನ್ನುವ ಹೊಸ ಕುಲಗಳಿಗೆ ಕಳಿಸಿದರು. ಮರಿಯಾಗಿದ್ದಾಗ ನೀಲಿಯಾಗಿರುವ ಮಾರ್ಟಿನಿಕ್ ದ್ವೀಪದ ಜೇಡ ಈಗ ಕ್ಯಾರಿಬೆನಾ ವರ್ಸಿಕಲರ್. ಹಳೇ ಫೋಟೋಗಳಲ್ಲಿ ಅವಿಕ್ಯುಲೇರಿಯಾ ಅಂತ ಬರೆದಿದ್ದರೆ ಗಲಿಬಿಲಿ ಬೇಡ, ಜೇಡ ಅದೇ.