ಮೇಜಿನ ಹಲಗೆ ಸೀಳುವುದು ಅಂಟಿಸಿದ ಜಾಗದಲ್ಲಲ್ಲ

ತೇಗದ ಹಲಗೆಗಳನ್ನು ಪಕ್ಕಪಕ್ಕ ಕೂಡಿಸಿ 5 ಅಡಿ ಉದ್ದ, 3 ಅಡಿ ಅಗಲದ ಊಟದ ಮೇಜು ಮಾಡಬೇಕು, ಬೆಂಗಳೂರಿನ ಮನೆಯಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಬೇಕು, ಸುತ್ತಲೂ ಅಂಚುಪಟ್ಟಿ ಹೊಡೆಯಬೇಕು. ಹಲಗೆ ಕೂಡಿಸಲು ಡೋವೆಲ್ (ಮರದ ಗುಂಡು ಗೂಟ), ಬಿಸ್ಕೆಟ್ (ಮರದ ಚಪ್ಪಟೆ ಬಿಲ್ಲೆ), ಪಾಕೆಟ್ ಸ್ಕ್ರೂ (ಓರೆಯಾಗಿ ಹೊಡೆಯುವ ಸ್ಕ್ರೂ) ಇವುಗಳಲ್ಲಿ ಯಾವುದು ಗಟ್ಟಿ ಎಂದು ಕೇಳಿದ್ದೀರಿ. ಮೊದಲ ಮೇಜಿಗೆ ಕೈಹಾಕಿದಾಗ ನನ್ನ ತಲೆಯಲ್ಲಿದ್ದದ್ದೂ ಈ ಒಂದೇ ಪ್ರಶ್ನೆ. ಆ ಮೇಜು ಮೊದಲ ಬೇಸಿಗೆಯಲ್ಲೇ ಸೀಳಿತು. ಆದರೆ ಸೀಳಿದ್ದು ಕೂಡಿಸಿದ ಜಾಗದಲ್ಲಲ್ಲ.

ನನ್ನ ತವರು ಶಿರಸಿಯ ಹತ್ತಿರ. ಹಿತ್ತಿಲಿನ ದೊಡ್ಡ ಹಲಸಿನ ಮರ ಒಂದು ಮಳೆಗಾಲದಲ್ಲಿ ಗಾಳಿಗೆ ಉರುಳಿದಾಗ ಅಪ್ಪ ಅದನ್ನು ಕೊಯ್ಯಿಸಿ, ಹಲಗೆಗಳನ್ನು ಅಟ್ಟದ ಮೇಲೆ ಪೇರಿಸಿಟ್ಟಿದ್ದರು. ಪ್ರತಿ ಎರಡು ಹಲಗೆಗಳ ನಡುವೆ ಅಡಿಕೆ ದಬ್ಬೆ ಇಟ್ಟು, ಗಾಳಿ ಆಡುವಂತೆ ಜೋಡಿಸಿದ್ದರು. ವರ್ಷಗಟ್ಟಲೆ ಅಲ್ಲೇ ಇದ್ದವು. ಕೆಲಸದ ಮೇಲೆ ಕಲಬುರಗಿಗೆ ವರ್ಗವಾದಾಗ, ಆ ಮರದ ನೆನಪಿಗೆ ಒಂದು ಮೇಜಾದರೂ ನನ್ನ ಜೊತೆ ಬರಲಿ ಎಂದುಕೊಂಡೆ. ಆಷಾಢದ ಮಳೆಯಲ್ಲಿ ರಜೆ ಹಾಕಿ, ಊರಿನ ಬಡಗಿ ಆಚಾರ್ಯರ ಕೀಸುಳಿ ಎರವಲು ತಂದು ಜಗಲಿಯ ಮೇಲೆ ಕೆಲಸ ಶುರು ಮಾಡಿದೆ.

ಕೂಡಿಸುವ ಕೆಲಸ ಚೆನ್ನಾಗಿಯೇ ಆಯಿತು. ಹಲಗೆಗಳ ಅಂಚನ್ನು ನೇರ ಮಾಡಿ, ಬರೀ ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಟ್ಟೆ. ಎಣ್ಣೆ ಕೊಟ್ಟಾಗ ಆ ಹಳದಿ ಮರ ಎಷ್ಟು ಚೆಂದ ಹೊಳೆಯಿತೆಂದರೆ ಅಮ್ಮ ಅದನ್ನು ಕಳಿಸಿಕೊಡಲೇ ಒಪ್ಪಲಿಲ್ಲ. ಕಲಬುರಗಿಯಲ್ಲಿ ಒಬ್ಬ ವೆಲ್ಡಿಂಗ್‌ನವರಿಂದ ಒಂದೂವರೆ ಇಂಚಿನ ಚೌಕ ಪೈಪಿನ ಚೌಕಟ್ಟು ಮಾಡಿಸಿದೆ. ಹಲಗೆ ಬಗ್ಗದಿರಲಿ ಎಂದು ಅಗಲಕ್ಕೆ ಮೂರು ಅಡ್ಡಪೈಪುಗಳನ್ನು ಹಾಕಿಸಿ, ಅವುಗಳಲ್ಲಿ ಅರ್ಧ ಅಡಿಗೊಂದರಂತೆ ತೂತು ಕೊರೆಸಿ, ಕೆಳಗಿನಿಂದ ಸ್ಕ್ರೂ ಹೊಡೆದು ಬಿಗಿದೆ. ನನ್ನ ಮೇಜನ್ನು ಕೆಡಿಸಿದ್ದು ಇದೊಂದೇ. ಆದ್ದರಿಂದ ಇದನ್ನೇ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಸ್ಕ್ರೂ 5 ಮಿ.ಮೀ. ದಪ್ಪ, ತೂತೂ 5 ಮಿ.ಮೀ. ಕೂದಲೆಳೆಯಷ್ಟೂ ಅಲುಗಾಡಲು ಜಾಗವಿಲ್ಲ. ಗಟ್ಟಿ ಎಂದರೆ ಹೀಗಿರಬೇಕು ಎಂದು ನನಗೆ ಸಮಾಧಾನವಾಗಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಏನೂ ಆಗಲಿಲ್ಲ. ಶಿವರಾತ್ರಿ ದಾಟಿ ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ ಒಳಕೋಣೆಯಲ್ಲಿದ್ದಾಗ ಯಾರೋ ಕೋಲು ಮುರಿದಂತೆ ಸದ್ದಾಯಿತು. ಬಂದು ನೋಡಿದರೆ ಮೇಜಿನ ತುದಿಯಿಂದ ಒಳಕ್ಕೆ ಒಂದು ಗೇಣಿಗಿಂತ ಉದ್ದದ ಸೀಳು. ಅಷ್ಟರಲ್ಲಾಗಲೇ ಮರದ ಮೇಲ್ಮೈ ಕಂದುಬಣ್ಣಕ್ಕೆ ತಿರುಗಿತ್ತು. ಸೀಳಿನೊಳಗೆ ಮಾತ್ರ ಈಗತಾನೆ ಕೊಯ್ದ ಹಲಸಿನ ಹಸಿ ಹಳದಿ ಕಾಣುತ್ತಿತ್ತು. ಆ ತಿಂಗಳು ಮುಗಿಯುವಷ್ಟರಲ್ಲಿ ಇನ್ನೊಂದು ತುದಿಯಲ್ಲೂ ಸೀಳು ಬಂತು.

ನೀವು ಗಮನಿಸಬೇಕಾದ್ದು ಇದು: ಎರಡು ಸೀಳುಗಳೂ ಹಲಗೆಯ ಮೈಯಲ್ಲೇ ಬಂದಿದ್ದವು. ಒಂದು ಸೀಳು ಅಂಟಿನ ಗೆರೆಯಿಂದ ಅರ್ಧ ಇಂಚು ಆಚೆ ಅದಕ್ಕೆ ಸಮಾನಾಂತರವಾಗಿ ಓಡಿತ್ತು. ಪಕ್ಕದ ಮರ ಹರಿದುಹೋಗಿದೆ, ಅಂಟಿನ ಗೆರೆ ಹಾಗೇ ಇದೆ. ನೇರವಾಗಿ ಕೀಸಿದ ಎರಡು ಅಂಚುಗಳನ್ನು ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಸಾಮಾನ್ಯ ಬಿಳಿ ಅಂಟಿನಿಂದ ಕೂಡಿಸಿದರೆ, ಆ ಕೂಡಿಕೆ ಮರಕ್ಕಿಂತ ಗಟ್ಟಿಯಾಗಿರುತ್ತದೆ. ಡೋವೆಲ್ ಮತ್ತು ಬಿಸ್ಕೆಟ್ ಅಂಟಿಸುವಾಗ ಹಲಗೆಗಳು ಮೇಲೆ ಕೆಳಗೆ ಜಾರದಂತೆ ಹಿಡಿಯುತ್ತವೆ, ಅಷ್ಟೇ. ಪಾಕೆಟ್ ಸ್ಕ್ರೂ ಅಂತೂ ಇಲ್ಲಿ ಬೇಡವೇ ಬೇಡ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮೂರೂ ಬೇಡ. ಹಲಗೆಯನ್ನು ಚೌಕಟ್ಟಿಗೆ ಹೇಗೆ ಕೂರಿಸುತ್ತೀರಿ ಎಂಬುದರ ಬಗ್ಗೆ ತಲೆಕೆಡಿಸಿಕೊಳ್ಳಿ.

ಮರ ಏಕೆ ಹರಿಯಿತು? ಮರ ಒಣಗಿಯೇ ಇತ್ತು, ಆದರೆ ಶಿರಸಿಗೆ ತಕ್ಕಂತೆ ಒಣಗಿತ್ತು. ಎಷ್ಟು ವರ್ಷ ಅಟ್ಟದ ಮೇಲಿಟ್ಟರೂ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡು ನಿಲ್ಲುತ್ತದೆಯೇ ಹೊರತು ಅದಕ್ಕಿಂತ ಹೆಚ್ಚು ಒಣಗುವುದಿಲ್ಲ. ಗಾಳಿಯ ಆರ್ದ್ರತೆ ಶೇ 85 ಇದ್ದಲ್ಲಿ ಮರದ ನೀರಿನಂಶ ಶೇ 17-18ರ ಸುಮಾರಿಗೆ ಬಂದು ನಿಲ್ಲುತ್ತದೆ. ಅದೇ ಮರವನ್ನು ಶೇ 35 ಆರ್ದ್ರತೆಯ ಬೇಸಿಗೆಯಲ್ಲಿ ಬಿಟ್ಟರೆ ಶೇ 7ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ನೀರು ಬಿಟ್ಟಾಗ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ನಿಮ್ಮ ತೇಗ ಹಿಗ್ಗುವುದು ಕುಗ್ಗುವುದು ಕಡಿಮೆ ಎಂದೇ ಹೆಸರಾದ ಮರ. ಆದರೂ ದಿಮ್ಮಿಯಿಂದ ಸಾಮಾನ್ಯವಾಗಿ ಕೊಯ್ದ ಅಗಲ ಮುಖದ ತೇಗದ ಹಲಗೆ, ನೀರಿನಂಶ ಹೀಗೆ ಶೇ 17ರಿಂದ ಶೇ 7ಕ್ಕೆ ಇಳಿದರೆ 3 ಅಡಿಗೆ ಸುಮಾರು 17 ಮಿ.ಮೀ. ಕುಗ್ಗುತ್ತದೆ. ಮರದ ಬೆಳವಣಿಗೆಯ ಉಂಗುರಗಳು ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆಯಾದರೆ 9 ಮಿ.ಮೀ.

ಕೆಳಗಿನ ಕಬ್ಬಿಣಕ್ಕೆ ಗಾಳಿಯ ಆರ್ದ್ರತೆಯ ಹಂಗಿಲ್ಲ. ಬಿಸಿ 20 ಡಿಗ್ರಿ ಏರಿದರೂ 3 ಅಡಿಯ ಪೈಪು ಕಾಲು ಮಿಲಿಮೀಟರ್ ಕೂಡ ಬದಲಾಗುವುದಿಲ್ಲ, ಅದೂ ಹಿಗ್ಗುವ ಕಡೆಗೆ. ಮೇಲಿನ ಮರ ನಡುವಿಗೆ ಸರಿಯಬೇಕು ಎನ್ನುತ್ತದೆ. ಎರಡೂ ಅಂಚಿನ ಸ್ಕ್ರೂಗಳು ಬಿಡುವುದಿಲ್ಲ. ಎಳೆಗೆ ಅಡ್ಡವಾಗಿ ಎಳೆದರೆ ಮರದಷ್ಟು ದುರ್ಬಲವಾದದ್ದು ಇನ್ನೊಂದಿಲ್ಲ. ಕೊಡಲಿಯ ಒಂದೇ ಏಟಿಗೆ ಸೌದೆ ಸೀಳುವುದೂ ಆ ದಿಕ್ಕಿನಲ್ಲೇ. ಸ್ಕ್ರೂಗಳನ್ನು ಬಿಚ್ಚಿದಾಗ ಅಂಚಿನಲ್ಲಿದ್ದವು ಒಳಕ್ಕೆ ಬಾಗಿದ್ದವು, ನಡುವಿನವು ನೆಟ್ಟಗಿದ್ದವು. ಅವುಗಳನ್ನು ಸಾಲಾಗಿ ನೆಲದ ಮೇಲಿಟ್ಟು ನೋಡಿದ ಮೇಲೆಯೇ ನನಗೆ ಎಲ್ಲವೂ ಅರ್ಥವಾದದ್ದು.

ವೆಲ್ಡಿಂಗ್‌ನವರನ್ನು ನಾನು ದೂರುವುದಿಲ್ಲ. ಅವರ ಕೈಗೆ ಬರುವ ಮೇಜುಗಳೆಲ್ಲ ಪ್ಲೈವುಡ್‌ನವು. ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಯಾವ ಕಡೆಗೂ ಹೆಚ್ಚು ಸರಿಯದು. ಎಷ್ಟು ಬಿಗಿದರೂ ನಡೆಯುತ್ತದೆ. ನಿಮ್ಮ ವೆಲ್ಡಿಂಗ್‌ನವರೂ ಅದೇ ಅಭ್ಯಾಸದಲ್ಲಿ ತೂತು ಕೊರೆಯುತ್ತಾರೆ. ನೀವೇ ಮುಂದೆ ನಿಂತು ಹೇಳಬೇಕು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಆಚಾರ್ಯರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವರು ಸೀಳನ್ನು ಹೆಚ್ಚು ನೋಡಲೇ ಇಲ್ಲ. ನಮ್ಮ ಮನೆಯ ನಡುಬಾಗಿಲಿನ ಹತ್ತಿರ ಕರೆದುಕೊಂಡು ಹೋಗಿ, ಚೌಕಟ್ಟಿನೊಳಗೆ ಕೂತಿರುವ ಫಲಕದ ಅಂಚಿನ ಮೇಲೆ ಬೆರಳಿಟ್ಟರು. ಪಾಲಿಶ್ ಹತ್ತಿ ಕಪ್ಪಾದ ಫಲಕದ ಬದಿಯಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಬಿಳಿಚು ಗೆರೆ, ಮೇಲಿನಿಂದ ಕೆಳಗಿನವರೆಗೆ. ಅಲ್ಲಿಗೆ ಪಾಲಿಶ್ ತಾಗಿಯೇ ಇರಲಿಲ್ಲ.

"ತಂಗೀ, ಈ ಫಲಕಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಚೌಕಟ್ಟಿನ ತೋಡಿನೊಳಗೆ ಸುಮ್ಮನೆ ನಿಂತಿದೆ. ಮಳೆಗಾಲಕ್ಕೆ ಈ ಗೆರೆ ಒಳಗೆ ಹೋಗುತ್ತದೆ, ಬೇಸಿಗೆಗೆ ಹೊರಗೆ ಬರುತ್ತದೆ" ಎಂದರು.

ಹುಟ್ಟಿದಾಗಿನಿಂದ ಆ ಬಾಗಿಲನ್ನು ನೋಡುತ್ತಾ ಬಂದಿದ್ದೇನೆ. ಹಳೆಯ ಮನೆಗಳ ಬಾಗಿಲುಗಳನ್ನು ಹೀಗೆ ಚೌಕಟ್ಟು, ಫಲಕ ಎಂದು ಬಿಡಿಯಾಗಿ ಮಾಡಿರುವುದು ಅಂದಕ್ಕಾಗಿ ಎಂದೇ ತಿಳಿದಿದ್ದೆ. ಮರ ಸರಿದಾಡಲು ಜಾಗ ಬಿಡುವುದಕ್ಕೇ ಆ ವ್ಯವಸ್ಥೆ ಹುಟ್ಟಿದೆ. ನಿಮ್ಮ ಕಡೆಯೂ ಹಳೆಯ ಬಾಗಿಲು ಸಿಕ್ಕರೆ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ ಆ ಗೆರೆಯನ್ನು ಹುಡುಕಿ. ಹತ್ತು ವಿಡಿಯೊ ನೋಡುವುದಕ್ಕಿಂತ ಅದು ಮೇಲು.

ಈಗ ನಿಮ್ಮ ಮೇಜಿಗೆ ಬರುತ್ತೇನೆ.

ಬೆಂಗಳೂರಿನಲ್ಲಿ ಏರಿಳಿತ ಕಲಬುರಗಿಯಷ್ಟಿಲ್ಲ. ಮಳೆಗಾಲಕ್ಕೂ ಮಾರ್ಚ್ ತಿಂಗಳಿಗೂ ನೀರಿನಂಶದಲ್ಲಿ ಶೇ 6ರಷ್ಟು ವ್ಯತ್ಯಾಸ ಎಂದು ಹಿಡಿದುಕೊಳ್ಳಿ. 3 ಅಡಿ ಅಗಲದ ತೇಗಕ್ಕೆ ಸುಮಾರು 10 ಮಿ.ಮೀ. ನಡುವಿನ ಸ್ಕ್ರೂ ಸಾಲನ್ನು ಗುಂಡು ತೂತಿನಲ್ಲೇ ಬಿಗಿಯಿರಿ. ಆಗ ಎರಡೂ ಅಂಚುಗಳು ತಲಾ 5 ಮಿ.ಮೀ. ಸರಿಯುತ್ತವೆ. ಉಳಿದ ತೂತುಗಳನ್ನು 6 ಮಿ.ಮೀ. ಅಗಲ, 20 ಮಿ.ಮೀ. ಉದ್ದ ಮಾಡಿಸಿ. ಆ ಉದ್ದ ಮೇಜಿನ ಅಗಲದ ದಿಕ್ಕಿನಲ್ಲೇ, ಅಂದರೆ ಎಳೆಗೆ ಅಡ್ಡವಾಗಿಯೇ ಇರಬೇಕು. ದಿಕ್ಕು ತಪ್ಪಿದರೆ ಮಾಡಿಸಿದ್ದೂ ದಂಡ. ಪಕ್ಕಪಕ್ಕ ಮೂರು ತೂತು ಕೊರೆದು ಅರದಿಂದ ಒಂದು ಮಾಡಿದರೆ ಸಾಕು. ಸ್ಕ್ರೂ ತಲೆಯ ಕೆಳಗೆ ಅಗಲವಾದ ವಾಷರ್ ಹಾಕಿ, ಹಲಗೆ ಕೂತ ಮೇಲೆ ಹೆಚ್ಚು ತಿರುಗಿಸಬೇಡಿ. ಮಳೆಗಾಲದಲ್ಲಿ ಕೂರಿಸುತ್ತಿದ್ದರೆ ಮರ ಮುಂದೆ ಕುಗ್ಗುವುದೇ ಇದೆ, ಹಾಗಾಗಿ ಸ್ಕ್ರೂ ಆ ಉದ್ದ ತೂತಿನ ಹೊರತುದಿಯಲ್ಲಿ, ಅಂದರೆ ಮೇಜಿನ ಅಂಚಿನ ಕಡೆಯ ತುದಿಯಲ್ಲಿರಲಿ. ಬೇಸಿಗೆಯಲ್ಲಾದರೆ ಒಳತುದಿಯಲ್ಲಿ. ಈ ಒಂದು ಮಾತನ್ನು ಯಾರೂ ಹೇಳುವುದಿಲ್ಲ, ಆದರೆ ಇದರಲ್ಲೇ ಅರ್ಧ ಕೆಲಸವಿದೆ.

ಸುತ್ತಲೂ ಅಂಚುಪಟ್ಟಿ ಹೊಡೆಯುವ ಯೋಚನೆಯನ್ನು ದಯವಿಟ್ಟು ಬಿಡಿ. ಉದ್ದದ ಎರಡು ಬದಿಗಳಿಗೆ ತೊಂದರೆಯಿಲ್ಲ, ಅಲ್ಲಿ ಪಟ್ಟಿಯ ಎಳೆ, ಹಲಗೆಯ ಎಳೆ ಎರಡೂ ಒಂದೇ ದಿಕ್ಕಿಗಿವೆ. ತುದಿಗಳಲ್ಲಿ ಪಟ್ಟಿಯ ಎಳೆ ಅಡ್ಡ. ಅಲ್ಲಿ ಅಂಟು ಹಾಕಿ ಬಿಗಿದರೆ ನನ್ನ ಕಬ್ಬಿಣದ ಪೈಪು ಮಾಡಿದ ಕೆಲಸವನ್ನೇ ನಿಮ್ಮ ಮರದ ಪಟ್ಟಿಯೂ ಮಾಡುತ್ತದೆ. ತುದಿಯ ಎಳೆ ಕಾಣುವುದೇ ಗಟ್ಟಿ ಮರದ ಅಂದ. ಅದನ್ನು ಮುಚ್ಚುವುದಾದರೆ ಪ್ಲೈವುಡ್ಡೇ ಸಾಕಲ್ಲ?

ಹಲಗೆ ಒಣಗಿದೆಯೇ ಎಂದು ತಿಳಿಯಲು ಮೀಟರ್ ಕೊಳ್ಳುವ ಅಗತ್ಯವಿಲ್ಲ. ಮೇಜು ಯಾವ ಕೋಣೆಯಲ್ಲಿ ಇರುತ್ತದೋ ಅದೇ ಕೋಣೆಯಲ್ಲಿ ಹಲಗೆಗಳ ನಡುವೆ ಪಟ್ಟಿ ಇಟ್ಟು ಪೇರಿಸಿ. ಅವುಗಳಲ್ಲಿ ಒಂದನ್ನು ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಹೋಗಿ. ತೂಕ ಇಳಿಯುವುದು ನಿಂತಿತೆಂದರೆ ಮರ ಆ ಕೋಣೆಗೆ ಹೊಂದಿಕೊಂಡಿದೆ. "ಚೆನ್ನಾಗಿ ಒಣಗಿದೆ" ಎಂದು ಮರದ ಅಂಗಡಿಯವರು ಹೇಳಿದರೆ, ಯಾವ ಊರಿನ ಗಾಳಿಗೆ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ.

ಅಂಚು ನೇರ ಮಾಡುವುದು ಹೊಸಬರಿಗೆ ಕಷ್ಟ ಎನಿಸುತ್ತದೆ. ಅದಕ್ಕೆ ಹಳೆಯ ಉಪಾಯವೊಂದಿದೆ: ಕೂಡಬೇಕಾದ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ, ಎರಡರ ಅಂಚನ್ನೂ ಒಟ್ಟಿಗೆ ಕೀಸಿ. ಕೀಸುಳಿ ಸ್ವಲ್ಪ ವಾಲಿದರೂ ಹಲಗೆಗಳನ್ನು ಬಿಡಿಸಿ ಕೂಡಿಸಿದಾಗ ಒಂದರ ವಾಲು ಇನ್ನೊಂದರ ವಾಲನ್ನು ಸರಿದೂಗಿಸುತ್ತದೆ. ಆಮೇಲೆ ಒಂದನ್ನು ಇನ್ನೊಂದರ ಮೇಲೆ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ನಟ್ಟನಡುವೆ ಕಾಗದದಷ್ಟು ಸಂದು ಕಂಡರೆ ಒಳ್ಳೆಯದೇ, ಕ್ಲ್ಯಾಂಪ್ ಅದನ್ನು ಮುಚ್ಚುತ್ತದೆ. ತುದಿಗಳಲ್ಲಿ ಬೆಳಕು ಕಂಡರೆ ಮತ್ತೆ ಕೀಸಿ. ಕ್ಲ್ಯಾಂಪುಗಳು ಮುಕ್ಕಾಲು ಅಡಿಗೊಂದರಂತೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಬರಲಿ. ಅಂಟು ಉದ್ದಕ್ಕೂ ಸಣ್ಣ ಹನಿಗಳಾಗಿ ಹೊರಬಂದರೆ ಅಷ್ಟು ಬಿಗಿತ ಸಾಕು. ತುದಿಯಲ್ಲಿ ಕಾಣುವ ಉಂಗುರಗಳ ಬಾಗು ಒಂದು ಹಲಗೆಯಲ್ಲಿ ಮೇಲಕ್ಕೆ, ಪಕ್ಕದ್ದರಲ್ಲಿ ಕೆಳಕ್ಕೆ ಬರುವಂತೆ ಮಾಡಬೇಕು ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚೆಂದದ ಮುಖ ಮೇಲೆ ಬರಲಿ. ಚೌಕಟ್ಟು ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಎಣ್ಣೆ, ಪಾಲಿಶ್ ಏನೇ ಹಚ್ಚಿದರೂ ಕೆಳಮುಖಕ್ಕೂ ಅಷ್ಟೇ ಸಲ ಹಚ್ಚಿ. ಮೇಲ್ಮೈಗೆ ಮಾತ್ರ ಹಚ್ಚಿದರೆ ಕೆಳಗಿನ ಮುಖ ಬೇಗ ನೀರು ಬಿಟ್ಟು ಹಲಗೆ ಬಟ್ಟಲಾಗುತ್ತದೆ. ಯಾವ ಪಾಲಿಶ್ ಕೂಡ ಈ ಹಿಗ್ಗು ಕುಗ್ಗನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ.

ನನ್ನ ಹಲಸಿನ ಹಲಗೆಯನ್ನು ಸೀಳಿನ ಉದ್ದಕ್ಕೂ ಕೊಯ್ದು, ಅಂಚು ಕೀಸಿ, ಮತ್ತೆ ಅಂಟಿಸಿದ್ದಾಯಿತು. ಅಗಲ ಎರಡು ಇಂಚು ಕಡಿಮೆಯಾಗಿದೆ. ಅದೇ ಪೈಪುಗಳಲ್ಲಿ ತೂತುಗಳನ್ನು ಉದ್ದ ಮಾಡಿಸಿ ಕೂರಿಸಿದ ಮೇಲೆ ಕಲಬುರಗಿಯ ಬೇಸಿಗೆಗಳಲ್ಲಿ ಸೀಳು ಬಂದಿಲ್ಲ.

ನಿಮ್ಮ ತೇಗದ ಹಲಗೆಗಳ ತುದಿಯ ಚಿತ್ರ ತೆಗೆದು ಹಾಕಿ, ಉಂಗುರಗಳು ಹೇಗೆ ಓಡುತ್ತಿವೆ ಎಂದು ಕಾಣುವಂತೆ. ಯಾವ ತಿಂಗಳಲ್ಲಿ ಕೂರಿಸುತ್ತೀರಿ ಎಂಬುದನ್ನೂ ಬರೆಯಿರಿ. ಪ್ರತಿ ಸಾಲಿಗೆ ತೂತು ಎಷ್ಟುದ್ದ ಇರಬೇಕು, ಸ್ಕ್ರೂ ಎಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕಿ ಇಲ್ಲೇ ತಿಳಿಸುತ್ತೇನೆ. ಅಲ್ಲಿಯವರೆಗೆ ಪೈಪಿಗೆ ತೂತು ಕೊರೆಸಬೇಡಿ.