ನೋಡಿಟ್ಟ ಮನೆ ಕೈತಪ್ಪುತ್ತಿದೆ, ಏನು ಮಾಡಲಿ?

ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಮನೆ ಮತ್ತು ಜಾಗದ ಖರೀದಿ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ. ತಲಪಾಡಿ–ಚೆಂಗಳ ನಡುವೆ ಹೆದ್ದಾರಿ ಆರು ಪಥವಾದ ಮೇಲೆ ಗಡಿಯಾಚೆ ಕೆಲಸಕ್ಕೆ ಹೋಗುವವರೂ ಇತ್ತ ಮನೆ ಹುಡುಕುತ್ತಿದ್ದಾರೆ, ಪೈಪೋಟಿ ಜೋರಾಗಿದೆ ಎಂಬ ದೂರು ಹಲವು ಪತ್ರಗಳಲ್ಲಿದೆ.

ಪ್ರಶ್ನೆ: 50 ಲಕ್ಷದ ಆಸುಪಾಸಿನಲ್ಲಿ ಮನೆ ನೋಡುತ್ತಿದ್ದೇವೆ. ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಬೇರೆಯವರು ಮುಂಗಡ ಕೊಟ್ಟಿರುತ್ತಾರೆ. ಈಗ ಬ್ರೋಕರು, “ಇವತ್ತೇ ಎರಡು ಲಕ್ಷ ಇಟ್ಟರೆ ಮನೆ ನಿಮ್ಮದು” ಅನ್ನುತ್ತಿದ್ದಾರೆ. ಕೊಡಬಹುದೇ? — ಉಪ್ಪಳದ ಓದುಗರು

ಕಾಗದ ನೋಡದೆ ಎರಡು ಲಕ್ಷ ಕೊಡಬೇಡಿ. ಆದರೆ ನಿಮ್ಮ ನಿಜವಾದ ತೊಂದರೆ ಇರುವುದು ಬ್ಯಾಂಕಿನ ಓಡಾಟದಲ್ಲಿ. ಅದನ್ನು ಮನೆ ಸಿಕ್ಕಿದ ಮೇಲಲ್ಲ, ಹುಡುಕಾಟಕ್ಕೆ ಹೊರಡುವ ಮೊದಲೇ ಮುಗಿಸಿಕೊಳ್ಳಬೇಕು. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು ಕೊಟ್ಟರೆ ನಿಮಗೆ ಎಷ್ಟು ಸಾಲ ಸಿಗಬಹುದು ಎಂಬುದನ್ನು ಬ್ಯಾಂಕು ಮುಂಚಿತವಾಗಿ ಬರೆದುಕೊಡುತ್ತದೆ. ಆ ಪತ್ರ ಕೈಯಲ್ಲಿದ್ದರೆ ಆಮೇಲೆ ಉಳಿಯುವುದು ಜಾಗದ ಕಾನೂನು ಪರಿಶೀಲನೆ ಮತ್ತು ಮೌಲ್ಯಮಾಪನ ಮಾತ್ರ. ಮಾರುವವರಿಗೂ ನಿಮ್ಮ ಮಾತಿನ ಮೇಲೆ ನಂಬಿಕೆ ಹುಟ್ಟುತ್ತದೆ.

ಇನ್ನು ಲೆಕ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಗರಿಷ್ಠ ಶೇ. 90, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80 ಕೊಡಬಹುದು. ಹಲವರು ಎಡವುವುದು ‘ಮೌಲ್ಯ’ ಎಂಬಲ್ಲಿ. ನೀವು 50 ಲಕ್ಷಕ್ಕೆ ಒಪ್ಪಿಕೊಂಡ ಮನೆಗೆ ಬ್ಯಾಂಕಿನ ಇಂಜಿನಿಯರು 45 ಲಕ್ಷ ಕಟ್ಟಿದರೆ ಸಾಲ 36 ಲಕ್ಷಕ್ಕೆ ನಿಲ್ಲುತ್ತದೆ. ಉಳಿದ 14 ಲಕ್ಷ ನಿಮ್ಮದು. ಅದರ ಮೇಲೆ ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, ಅಂದರೆ ಮತ್ತೆ 5 ಲಕ್ಷ. ಈ ಮೊತ್ತದ ಮನೆಗೆ ಇದು ಸಾಲದಲ್ಲಿ ಸೇರುವುದಿಲ್ಲ. ಆಧಾರ (ಕ್ರಯಪತ್ರ) ಬರೆಯುವವರು, ವಕೀಲರು, ಬ್ರೋಕರು ಎಲ್ಲ ಸೇರಿದರೆ 20 ಲಕ್ಷ ಕೈಯಲ್ಲಿ ಇರಲೇಬೇಕು. ಅಷ್ಟಿಲ್ಲವಾದರೆ ಇನ್ನೂ ಕಡಿಮೆ ಬೆಲೆಯ ಮನೆ ನೋಡುವುದೇ ಸರಿ. ಕರಾರು ಮಾಡಿಕೊಂಡ ಮೇಲೆ ದುಡ್ಡು ಸಾಲದೆ ಮುಂಗಡ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಸಂಕಟ ಈ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಶುಲ್ಕ ಉಳಿಸಲು ಆಧಾರದಲ್ಲಿ ಕಡಿಮೆ ಬೆಲೆ ಬರೆಸಿ, ಉಳಿದದ್ದನ್ನು ನಗದಾಗಿ ಕೊಡಿ ಎಂದರೆ ಒಪ್ಪಬೇಡಿ. ಬ್ಯಾಂಕು ಸಾಲ ಕೊಡುವಾಗ ಆಧಾರದ ಮೊತ್ತವನ್ನೂ ನೋಡುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1ರಷ್ಟನ್ನು ನೀವೇ ಹಿಡಿದಿಟ್ಟುಕೊಂಡು ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಮಾತುಕತೆಯ ಹೊತ್ತಿಗೇ ಅವರಿಗೆ ಹೇಳಿಡಿ. ಇಲ್ಲದಿದ್ದರೆ ರಿಜಿಸ್ಟ್ರಿ ದಿನ ಅದೇ ಜಗಳಕ್ಕೆ ಕಾರಣವಾಗುತ್ತದೆ.

ಮನೆ ನಿಜಕ್ಕೂ ಹಿಡಿಸಿದ್ದರೆ, ಬೇರೆಯವರ ಪಾಲಾಗದಂತೆ ಸಣ್ಣ ಮೊತ್ತವನ್ನು, 10 ಅಥವಾ 20 ಸಾವಿರವನ್ನು, ಬ್ಯಾಂಕ್ ಮೂಲಕ ನೇರ ಮಾಲಕರ ಖಾತೆಗೆ ಹಾಕಿ. ಬ್ರೋಕರ ಖಾತೆಗೆ ಬೇಡ. ಜತೆಗೆ ಒಂದು ಪುಟದ ಚೀಟಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಒಪ್ಪಿದ ಬೆಲೆ ಬರೆಯಿರಿ. ‘15 ದಿನ ಬೇರೆಯವರಿಗೆ ಮಾರುವುದಿಲ್ಲ, ಕಾಗದಪತ್ರದಲ್ಲಿ ದೋಷ ಕಂಡುಬಂದರೆ ಅಥವಾ ಬ್ಯಾಂಕು ಆಸ್ತಿಯನ್ನು ಒಪ್ಪದಿದ್ದರೆ ಹಣ ಪೂರ್ತಿ ವಾಪಸ್’ ಎಂಬ ಮಾತು ಅದರಲ್ಲಿರಲಿ, ಕೆಳಗೆ ಇಬ್ಬರ ರುಜುವೂ ಇರಲಿ. ಇಷ್ಟಕ್ಕೂ ಒಪ್ಪದ ಮಾಲಕರಾದರೆ ಆ ಮನೆಯನ್ನು ಬಿಟ್ಟುಬಿಡಿ.

ಮನೆ ನೋಡಲು ಹೋದ ದಿನವೇ ಫೋನಿನಲ್ಲಿ ಫೋಟೊ ಹಿಡಿದುಕೊಳ್ಳಬೇಕಾದ್ದು ಈಗಿನ ಆಧಾರ, ಹಿಂದಿನ ಆಧಾರ, ಈ ವರ್ಷದ ತೀರ್ವೆ (ಭೂತೆರಿಗೆ) ರಶೀದಿ, ಪಂಚಾಯತಿನ ಮಾಲಕತ್ವ ಸರ್ಟಿಫಿಕೇಟು ಮತ್ತು ಮಂಜೂರಾದ ಪ್ಲಾನು. ಮನೆ ನಂಬರಿನಲ್ಲಿ ‘ಯು.ಎ.’ ಎಂಬ ಅಕ್ಷರಗಳಿದ್ದರೆ ಅದು ಅನಧಿಕೃತ ಕಟ್ಟಡಕ್ಕೆ ತೆರಿಗೆ ವಸೂಲಿಗಾಗಿ ಕೊಟ್ಟ ನಂಬರು. ಮೇಲಿನ ಅಂತಸ್ತು ಪ್ಲಾನಿನಲ್ಲಿ ಇಲ್ಲದಿರುವುದು, ರಸ್ತೆಯಿಂದ ಬಿಡಬೇಕಾದ ಜಾಗ ಬಿಡದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಸಾಲ ಸಿಗುವುದು ಕಷ್ಟ. ಮಾರುವವರೇ ಸಕ್ರಮ ಮಾಡಿಸಿಕೊಟ್ಟರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ಎಂಟು ಸೆಂಟ್ಸ್ ಜಾಗ, ಅಕ್ಕಪಕ್ಕದ ಬೆಲೆಗಿಂತ ತೀರಾ ಅಗ್ಗ. ನೆಲ ಸಮತಟ್ಟಾಗಿದೆ, ತೆಂಗಿನ ಗಿಡಗಳಿವೆ, ಸುತ್ತ ಮನೆಗಳಿವೆ. ತೀರ್ವೆ ರಶೀದಿಯಲ್ಲಿ ಮಾತ್ರ ‘ನಿಲಂ’ ಎಂದಿದೆ. “ಅದೇನೂ ದೊಡ್ಡ ವಿಷಯವಲ್ಲ” ಅನ್ನುತ್ತಾರೆ. — ಕುಂಬಳೆಯ ಓದುಗರು

ಅಗ್ಗವಾಗಿರುವುದಕ್ಕೆ ಅದೇ ಕಾರಣ. ಕೇರಳದ ಕಂದಾಯ ದಾಖಲೆಯಲ್ಲಿ ‘ಪುರಯಿಡಂ’ ಎಂದಿದ್ದರೆ ಹಿತ್ತಿಲು, ‘ನಿಲಂ’ ಎಂದಿದ್ದರೆ ಗದ್ದೆ. ಕಣ್ಣಿಗೆ ಕಾಣುವ ತೆಂಗಿನ ಗಿಡಕ್ಕೆ ಇಲ್ಲಿ ಬೆಲೆಯಿಲ್ಲ, ದಾಖಲೆ ಏನು ಹೇಳುತ್ತದೋ ಅದೇ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಿಲಂ ಜಾಗದಲ್ಲಿ ಪಂಚಾಯತು ಸುಮ್ಮನೆ ಮನೆ ಪರ್ಮಿಟ್ ಕೊಡುವುದಿಲ್ಲ.

ಮೊದಲು ಕೃಷಿ ಭವನಕ್ಕೆ ಹೋಗಿ, ಆ ಸರ್ವೆ ನಂಬರು ಗದ್ದೆಗಳ ಡೇಟಾ ಬ್ಯಾಂಕಿನಲ್ಲಿ ಇದೆಯೇ ಎಂದು ನೋಡಿ. ಮುಂದಿನ ದಾರಿ ಪೂರ್ತಿ ಇದರ ಮೇಲೆ ನಿಂತಿದೆ. ಡೇಟಾ ಬ್ಯಾಂಕಿನಲ್ಲಿ ಇಲ್ಲ, ಕಂದಾಯ ದಾಖಲೆಯಲ್ಲಿ ಮಾತ್ರ ನಿಲಂ ಎಂದಾದರೆ, 50 ಸೆಂಟ್ಸ್‌ವರೆಗಿನ ಜಾಗಕ್ಕೆ ಫಾರಂ 6ರಲ್ಲಿ ಕಂದಾಯ ವಿಭಾಗಾಧಿಕಾರಿಗೆ (ಆರ್.ಡಿ.ಒ.) ಅಥವಾ ಆ ಅಧಿಕಾರವಿರುವ ಡೆಪ್ಯುಟಿ ಕಲೆಕ್ಟರಿಗೆ ಆನ್‌ಲೈನ್ ಅರ್ಜಿ ಹಾಕಿ ಸ್ವಭಾವ ಬದಲಿಸಿಕೊಳ್ಳಬಹುದು. ಶುಲ್ಕ ಸರ್ಕಾರದ ನ್ಯಾಯಬೆಲೆಯ ಲೆಕ್ಕದಲ್ಲಿ ಬರುತ್ತದೆ. 25 ಸೆಂಟ್ಸ್‌ವರೆಗೆ ವಿನಾಯಿತಿಯಿದೆ, ಆದರೆ ದೊಡ್ಡ ಗದ್ದೆಯನ್ನು ತುಂಡು ಮಾಡಿ ಪ್ಲಾಟಾಗಿ ಮಾರಿದ್ದರೆ ಆ ವಿನಾಯಿತಿ ನಿಮಗೆ ಸಿಗುತ್ತದೆಂದು ಎಣಿಸಬೇಡಿ, ವಿಲೇಜ್ ಆಫೀಸಿನಲ್ಲಿ ಕೇಳಿಯೇ ತಿಳಿದುಕೊಳ್ಳಿ. ಜಾಗ ಡೇಟಾ ಬ್ಯಾಂಕಿನಲ್ಲೇ ಇದ್ದರೆ, ಅದು ತಪ್ಪಾಗಿ ಸೇರಿದ್ದು ಎಂದು ಫಾರಂ 5ರಲ್ಲಿ ಅರ್ಜಿ ಹಾಕಿ ಮೊದಲು ಅಲ್ಲಿಂದ ತೆಗೆಸಬೇಕು. ಕೃಷಿ ಅಧಿಕಾರಿಯ ವರದಿ ಬೇಕು, ಉಪಗ್ರಹ ಚಿತ್ರ ತರಿಸುವುದೂ ಉಂಟು. 2008ಕ್ಕೆ ಮೊದಲು ಅಲ್ಲಿ ಗದ್ದೆಯಿತ್ತೋ ಮಣ್ಣು ತುಂಬಿತ್ತೋ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಎಷ್ಟು ಕಾಲ ಹಿಡಿಯುತ್ತದೆಂದು ಯಾರೂ ಮಾತು ಕೊಡಲಾರರು.

“ಪಂಚಾಯತಿನಲ್ಲಿ 10 ಸೆಂಟ್ಸ್‌ವರೆಗೆ ಮನೆ ಕಟ್ಟಲು ಅನುಮತಿ ಉಂಟಲ್ಲ” ಎಂದು ನಿಮಗೆ ಹೇಳಿಯೇ ಹೇಳುತ್ತಾರೆ. ಅಂಥ ರಿಯಾಯಿತಿ ಉಂಟು, ನಗರಸಭೆಯಲ್ಲಾದರೆ 5 ಸೆಂಟ್ಸ್. ಆದರೆ ಅದು ಬೇರೆ ಜಾಗವೇ ಇಲ್ಲದ ಗದ್ದೆಯ ಒಡೆಯನ ಕುಟುಂಬ ತಲೆಯ ಮೇಲೊಂದು ಸೂರು ಮಾಡಿಕೊಳ್ಳಲಿ ಎಂದು ಮಾಡಿದ್ದು. ಅದನ್ನೇ ನಂಬಿ ಈಗ ಹೊಸದಾಗಿ ಗದ್ದೆ ಕೊಳ್ಳುವುದು ಅಪಾಯ.

ಹಾಗಾಗಿ ಮಾರುವವರೇ ಅರ್ಜಿ ಹಾಕಿ ಆದೇಶ ಪಡೆದು, ತೀರ್ವೆ ರಶೀದಿಯಲ್ಲಿ ಬದಲಾವಣೆ ಕಂಡ ಮೇಲೆಯೇ ಆಧಾರ ಎಂದು ಕರಾರಿನಲ್ಲಿ ಬರೆಸಿ. ಒಪ್ಪದಿದ್ದರೆ ಬೇಡ. ರಶೀದಿಯಲ್ಲಿ ವಿಸ್ತೀರ್ಣವನ್ನೂ ನೋಡಿ: ಅಲ್ಲಿ ಸೆಂಟ್ಸ್ ಇರುವುದಿಲ್ಲ, ಹೆಕ್ಟೇರ್, ಆರ್, ಚದರ ಮೀಟರ್ ಎಂಬ ಮೂರು ಅಂಕಣಗಳಿರುತ್ತವೆ. ಒಂದು ಸೆಂಟ್ ಎಂದರೆ 40.47 ಚದರ ಮೀಟರ್. ನಿಮ್ಮ ಎಂಟು ಸೆಂಟ್ಸ್ ಅಲ್ಲಿ 0, 3, 24 ಎಂದು ಕಾಣಬೇಕು. 0, 2, 90 ಎಂದಿದ್ದರೆ ನಿಮಗೆ ಸಿಗುವುದು ಏಳು ಸೆಂಟ್ಸ್‌ಗೆ ತುಸು ಹೆಚ್ಚು, ಅಷ್ಟೆ. ಇಂಥ ವ್ಯತ್ಯಾಸ ಹೆಚ್ಚಾಗಿ ಮರುಸರ್ವೆಯಲ್ಲಿ ಬಂದಿರುತ್ತದೆ. ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳಲ್ಲಿ ಇದನ್ನು ಹಿಡಿಯುವುದು ಸುಲಭ. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದು ಮಾಡಿದ ‘ಎಂಡೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಶುರುವಾದದ್ದೂ ನಿಮ್ಮ ಕುಂಬಳೆ ಬಳಿಯ ಉಜಾರ್ ಉಳ್ವಾರ್ ಗ್ರಾಮದಿಂದಲೇ.

ಪ್ರಶ್ನೆ: ಹಳೆ ಮನೆ, 30 ಸೆಂಟ್ಸ್ ಹಿತ್ತಿಲು. ಮೂಲ ದಾಖಲೆ ಕನ್ನಡದಲ್ಲಿ ಮಾರುವವರ ಅಜ್ಜಿಯ ತಮ್ಮನ ಹೆಸರಿನಲ್ಲಿದೆ. ಅಳಿಯಸಂತಾನದ (ಆಸ್ತಿ ತಾಯಿಯ ಸಾಲಿನಲ್ಲಿ ಬರುವ) ಮನೆತನ. “ಎಲ್ಲರೂ ಒಪ್ಪಿದ್ದಾರೆ” ಅನ್ನುತ್ತಾರೆ. — ಬದಿಯಡ್ಕದ ಓದುಗರು

ಒಪ್ಪಿದವರು ಆಧಾರದಲ್ಲಿ ರುಜು ಹಾಕಬೇಕು, ಬಾಯಿಮಾತು ಸಾಲದು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ 1975ರ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅದಕ್ಕೆ ಮೊದಲೇ ಪಾಲುಪಟ್ಟಿ ಆಗಿರದಿದ್ದರೆ, ಅಂದು ಕುಟುಂಬದಲ್ಲಿದ್ದ ಪ್ರತಿಯೊಬ್ಬರಿಗೂ ತಲಾ ಒಂದು ಪಾಲು ಬಂದುಬಿಟ್ಟಿತು, ಆ ದಿನ ತೊಟ್ಟಿಲಲ್ಲಿದ್ದ ಮಗುವಿಗೂ. ಅವರಲ್ಲಿ ತೀರಿಹೋದವರ ಪಾಲು ಅವರ ವಾರಸುದಾರರಿಗೆ. ಮುಂಬಯಿಗೋ ಗಲ್ಫಿಗೋ ಹೋಗಿ ನೆಲೆಸಿದ ಒಬ್ಬ ಸೋದರಳಿಯ ಬಿಟ್ಟುಹೋದರೂ ನಾಳೆ ನೀವು ಅವನೊಂದಿಗೆ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತದೆ. 1976ರಲ್ಲಿದ್ದ ಸದಸ್ಯರ ವಂಶಾವಳಿಯನ್ನು ಬರೆದು ಕೊಡಿ ಎಂದು ಕೇಳಿ, ವಕೀಲರಿಂದ ತಾಳೆ ನೋಡಿಸಿ. ಅಪ್ರಾಪ್ತರ ಪಾಲೇನಾದರೂ ಇದ್ದರೆ ಕೋರ್ಟಿನ ಅನುಮತಿ ಬೇಕೇ ಎಂಬುದನ್ನೂ ಅವರಲ್ಲೇ ಕೇಳಿ.

ಎರಡನೆಯದು, ಜಾಗ ವರ್ಗದ್ದೋ (ಸ್ವಂತ ಹಕ್ಕಿನದ್ದೋ) ಗೇಣಿಯದ್ದೋ? ಗೇಣಿಯದ್ದಾದರೆ ಭೂಸುಧಾರಣೆಯಡಿ ಲ್ಯಾಂಡ್ ಟ್ರಿಬ್ಯುನಲ್ ಕೊಟ್ಟ ಪಟ್ಟೆ ಬೇಕೇಬೇಕು. ಅದಿಲ್ಲದ ಜಾಗವನ್ನು ಬ್ಯಾಂಕು ಒಪ್ಪುವುದು ಕಷ್ಟ. ಮೂವತ್ತು ಸೆಂಟ್ಸ್ ಪೂರ್ತಿ ಪಟ್ಟೆಯದ್ದೋ, ಅದರಲ್ಲಿ ಕುಮ್ಕಿ (ವರ್ಗ ಜಾಗಕ್ಕೆ ತಾಗಿದ ಸರ್ಕಾರಿ ನೆಲ) ಸೇರಿದೆಯೋ ಎಂದು ಅಳೆಸಿ ನೋಡಿ. ಹಳೆ ದಕ್ಷಿಣ ಕನ್ನಡದ ಭಾಗವಾಗಿದ್ದ ನಮ್ಮಲ್ಲಿ ವರ್ಗದಾರರಿಗೆ ಕುಮ್ಕಿಯಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಮಾತ್ರ ಇದ್ದದ್ದು. ನೆಲ ಸರ್ಕಾರದ್ದು. ಬೇಲಿ ಎಷ್ಟೇ ಹಳೆಯದಿರಲಿ, ಸರ್ಕಾರದಿಂದ ಪತಿಚ್ಚು (ಮಂಜೂರಾಗಿ) ಸಿಗದ ಕುಮ್ಕಿಗೆ ದುಡ್ಡು ಕೊಡಬೇಡಿ.

ಇ.ಸಿ.ಯನ್ನು (ಋಣಭಾರ ಪ್ರಮಾಣಪತ್ರ) 30 ವರ್ಷಕ್ಕೆ ತೆಗೆಸಿ. ಸಹಕಾರಿ ಬ್ಯಾಂಕಿನ ಸಾಲವಿದ್ದರೆ ಅದರಲ್ಲಿ ‘ಗಹಾನ್’ ಎಂದು ಕಾಣುತ್ತದೆ. ಮೂಲ ಆಧಾರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಮಾತ್ರ ಇ.ಸಿ.ಯಲ್ಲಿ ಬಾರದೆ ಹೋಗಬಹುದು. ಆದ್ದರಿಂದ ನಕಲಿಗೆ ತೃಪ್ತರಾಗದೆ ಮೂಲ ಪ್ರತಿಯನ್ನೇ ತೋರಿಸಲು ಹೇಳಿ. “ಎಲ್ಲೋ ಇದೆ, ಆಮೇಲೆ ಕೊಡುತ್ತೇವೆ” ಎಂದರೆ ಎಚ್ಚರ.

ಪ್ರಶ್ನೆ: ಕರಾರು ಆಗಿ ಎರಡು ತಿಂಗಳಾಯಿತು, ಐದು ಲಕ್ಷ ಮುಂಗಡ ಕೊಟ್ಟಿದ್ದೇವೆ. ಈಗ ಬೇರೆಯವರು ನಾಲ್ಕು ಲಕ್ಷ ಹೆಚ್ಚು ಕೊಡುತ್ತಾರಂತೆ. “ಹೆಚ್ಚು ಕೊಡಿ, ಇಲ್ಲ ಮುಂಗಡ ವಾಪಸ್ ತೆಗೆದುಕೊಳ್ಳಿ” ಅನ್ನುತ್ತಾರೆ. ಅವಧಿ ಇನ್ನೂ ಒಂದು ತಿಂಗಳಿದೆ. — ಕಾಸರಗೋಡಿನ ಓದುಗರು

ಮುಂಗಡ ವಾಪಸ್ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಕರಾರು ಮುಗಿದಂತೆಯೇ. ಕೋರ್ಟು ನಿಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, ‘ಬಾಕಿ ಹಣ ಕೊಡಲು ನೀವು ತಯಾರಿದ್ದಿರಾ?’ ಎಂಬುದು. ಸಾಲ ಮಂಜೂರಾತಿ ಪತ್ರ, ಖಾತೆಯಲ್ಲಿರುವ ಹಣದ ದಾಖಲೆ ಈಗಲೇ ಸಿದ್ಧವಿರಲಿ. ಅವಧಿ ಮುಗಿಯುವ ಮೊದಲು ವಕೀಲರ ನೋಟೀಸು ಸ್ಪೀಡ್ ಪೋಸ್ಟಿನಲ್ಲಿ, ನೋಂದಣಿ ಸೇವೆಯೊಂದಿಗೆ ಹೋಗಲಿ. ಇಂಥ ದಿನ, ಇಂಥ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಾಕಿ ಹಣದೊಂದಿಗೆ ಬರುತ್ತೇವೆ, ಬಂದು ಆಧಾರ ಮಾಡಿಕೊಡಿ ಎಂದು ಅದರಲ್ಲಿರಬೇಕು. ಆ ದಿನ ನಿಜಕ್ಕೂ ಹೋಗಿ ನಿಲ್ಲಿ, ಹೋದದ್ದಕ್ಕೆ ದಾಖಲೆ ಉಳಿಸಿಕೊಳ್ಳಿ. ಆಧಾರ ಮಾಡಿಸಿಕೊಡಲು ದಾವೆ ಹೂಡುವುದಕ್ಕೆ ಕರಾರಿನಲ್ಲಿ ಹೇಳಿದ ದಿನದಿಂದ ಮೂರು ವರ್ಷ ಕಾಲಾವಕಾಶವಿದೆ. ಆದರೆ ಕಾದು ಕುಳಿತಷ್ಟೂ ನಿಮ್ಮ ವಾದದ ಬಲ ಕುಗ್ಗುತ್ತದೆ.

ಇನ್ನು ಕರಾರು ಮಾಡಿಕೊಳ್ಳಬೇಕಾದ ಓದುಗರಿಗೊಂದು ಮಾತು. ‘ಮಾಲಕ ತಪ್ಪಿದರೆ ಮುಂಗಡದ ಎರಡರಷ್ಟು ಕೊಡಬೇಕು’ ಎಂದು ಮಾತ್ರ ಬರೆಸಿದರೆ, ಎರಡರಷ್ಟು ಕೊಟ್ಟು ಕೈತೊಳೆದುಕೊಳ್ಳಬಹುದು ಎಂದು ಅವರು ವಾದಿಸುತ್ತಾರೆ. ‘ಕೊಳ್ಳುವವರಿಗೆ ಇಷ್ಟವಿದ್ದರೆ ಕೋರ್ಟಿನ ಮೂಲಕ ಆಧಾರವನ್ನೇ ಮಾಡಿಸಿಕೊಳ್ಳುವ ಹಕ್ಕು ಇದೆ’ ಎಂಬ ಸಾಲೂ ಜತೆಗಿರಲಿ. ಮುಂಗಡ ದೊಡ್ಡದಾದರೆ ಕರಾರನ್ನು ನೋಂದಣಿ ಮಾಡಿಸಿ. ಅದು ಇ.ಸಿ.ಯಲ್ಲಿ ಬರುವುದರಿಂದ ಹೆಚ್ಚು ಬೆಲೆಯ ಆಸೆ ತೋರಿಸುವ ಮೂರನೆಯವರೂ ಹಿಂಜರಿಯುತ್ತಾರೆ. ಕರಾರು, ಆಧಾರ ಎರಡೂ ಹೆಚ್ಚಾಗಿ ಮಲಯಾಳದಲ್ಲಿ ಬರೆದಿರುತ್ತವೆ. ಓದಲು ಬಾರದಿದ್ದರೆ ರುಜುವಿಗೆ ಮೊದಲು ಕನ್ನಡ ಅನುವಾದ ಕೇಳುವುದು ನಾಚಿಕೆಯ ವಿಷಯವಲ್ಲ. ದಾರಿ ಹಕ್ಕಿನ ವಾಕ್ಯವನ್ನಂತೂ ಓದಿಸಿ ಕೇಳಿ, ಎಷ್ಟು ಮೀಟರ್ ಅಗಲ, ಯಾರ ಜಾಗದ ಮೂಲಕ ಎಂಬುದು ಅಲ್ಲಿರಬೇಕು.

ಪ್ರಶ್ನೆ: ಮನೆ ಮಾಲಕರು ದುಬೈಯಲ್ಲಿದ್ದಾರೆ, ಭಾವನಿಗೆ ಮುಖ್ತ್ಯಾರ್ (ಪವರ್ ಆಫ್ ಅಟಾರ್ನಿ) ಕೊಟ್ಟಿದ್ದಾರೆ. ಮಳೆಗಾಲದಲ್ಲಿ ನೋಡಿದಾಗ ಬಾವಿ ತುಂಬಿತ್ತು. ಮುಂದುವರಿಯಬಹುದೇ? — ಮೊಗ್ರಾಲಿನ ಓದುಗರು

ಮುಖ್ತ್ಯಾರ್‌ನಲ್ಲಿ ‘ಮಾರಲು’ ಎಂಬ ಅಧಿಕಾರ ಸ್ಪಷ್ಟವಾಗಿರಬೇಕು. ನೋಡಿಕೊಳ್ಳಲು, ಬಾಡಿಗೆಗೆ ಕೊಡಲು ಎಂದಷ್ಟೇ ಇದ್ದರೆ ಸಾಲದು. ವಿದೇಶದಲ್ಲಿ ಮಾಡಿದ ಮುಖ್ತ್ಯಾರ್ ಅಲ್ಲಿ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಕೊಟ್ಟವರು ತೀರಿಕೊಂಡರೆ ಅದು ಅಲ್ಲಿಗೇ ಮುಗಿಯಿತು, ಆದ್ದರಿಂದ ಆಧಾರದ ದಿನ ಮಾಲಕರೊಡನೆ ವಿಡಿಯೊ ಕರೆಯಲ್ಲಿ ಮಾತಾಡಿ. ಹಣ ಮಾಲಕರ ಖಾತೆಗೇ ಹೋಗಲಿ. ಅನಿವಾಸಿಯಿಂದ ಕೊಳ್ಳುವಾಗ ಹಿಡಿದಿಡಬೇಕಾದ ತೆರಿಗೆಗೆ 50 ಲಕ್ಷದ ಮಿತಿ ಇಲ್ಲ, ದರವೂ ಶೇ. 1ಕ್ಕಿಂತ ಬಹಳ ಹೆಚ್ಚು. ನೀವು ಹಿಡಿಯದಿದ್ದರೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ಲೆಕ್ಕ ಪರಿಶೋಧಕರನ್ನು ಕಂಡೇ ಮುಂದುವರಿಯಿರಿ.

ಬಾವಿಯ ವಿಷಯಕ್ಕೆ ಏಪ್ರಿಲ್–ಮೇಯವರೆಗೆ ಕಾಯಲಾಗದಿದ್ದರೆ ಮೂರು ನೆರೆಮನೆಗಳಲ್ಲಿ ಕೇಳಿ: ಬೇಸಿಗೆಯಲ್ಲಿ ಪಂಪು ಎಷ್ಟು ಹೊತ್ತು ಓಡುತ್ತದೆ, ಟ್ಯಾಂಕರ್ ತರಿಸುತ್ತಾರೋ, ನೀರು ಉಪ್ಪಾಗುತ್ತದೋ. ಮುರಕಲ್ಲಿನ ನೆಲ ಮಳೆನೀರನ್ನು ಬೇಗ ಇಳಿಸಿಬಿಡುವುದರಿಂದ ಜುಲೈಯ ಬಾವಿ ನೋಡಿ ಮೇ ತಿಂಗಳನ್ನು ಅಳೆಯಲಾಗದು. ಹೊಳೆ, ಕಡಲು ಹತ್ತಿರವಿದ್ದರೆ ಉಪ್ಪಿನ ಜತೆಗೆ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆಯೂ ಬರುತ್ತದೆ. ಉಬ್ಬರದ ನೀರು ಏರುವ ಹೊಳೆಯ ದಂಡೆಗೂ ಆ ನಿಯಮ ಅನ್ವಯಿಸುತ್ತದೆ. ಮನೆ ಆ ವಲಯದಲ್ಲಿದೆಯೋ ಎಂದು ಪಂಚಾಯತಿನಿಂದ ಬರಹದಲ್ಲಿ ಪಡೆದುಕೊಂಡ ಮೇಲೆಯೇ ಕರಾರಿಗೆ ಕೂರಿ.